ಗಣಿ ತಿಂದ ನೆಲವನ್ನ ಸ್ಯಾಟಲೈಟ್ ಚಿತ್ರದಲ್ಲಿ ಗುರುತಿಸೋದು: ನನ್ನ ಅನುಭವ

ಸ್ಯಾಟಲೈಟ್ ಚಿತ್ರ ಇಟ್ಕೊಂಡು ಗಣಿಯಿಂದ ಎಷ್ಟು ನೆಲ ಹಾಳಾಯ್ತು ಅಂತ ನೋಡೋಕೆ ಕೂತ್ರೆ ಮೊದಲು ತಲೆ ಕೆಡಿಸೋದು ಒಂದೇ, ಈ ಬೋಳು ಜಾಗ ಗಣಿನಾ ಇಲ್ಲಾ ಕೊಯ್ಲಾದ ಹೊಲನಾ ಅನ್ನೋದು. ಬೇಸಿಗೆ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣ್ತವೆ. ಅದಕ್ಕೇ ಒಂದು ದಿನದ ಚಿತ್ರ ನಂಬ್ಕೊಂಡು ಎಕರೆ ಲೆಕ್ಕ ಹೇಳಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನು ಬಳಸೋದು ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್‌ಗಳ ಡೇಟಾ, ಫ್ರೀ ಸಿಗುತ್ತೆ, 10 ಮೀಟರ್ ರೆಸಲ್ಯೂಶನ್ (ಚಿತ್ರದ ಒಂದು ಚುಕ್ಕಿ, ಅಂದ್ರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಅಗಲ), ಎರಡು ಸ್ಯಾಟಲೈಟ್ ಸೇರಿ ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದುಹೋಗ್ತವೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ (ಸ್ಯಾಟಲೈಟ್ ಚಿತ್ರಗಳ ಲೆಕ್ಕ ಮಾಡೋ ಆನ್‌ಲೈನ್ ಸೇವೆ) ಮೋಡ ಇರೋ ಪಿಕ್ಸೆಲ್ ತೆಗೆದು ಪ್ರತಿ ಚಿತ್ರಕ್ಕೂ ಎಷ್ಟು ಹಸಿರಿದೆ ಅಂತ ಹೇಳೋ ಎನ್‌ಡಿವಿಐ ಸಂಖ್ಯೆ ಹಾಕ್ತೀನಿ, ಅಂದ್ರೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕಿನ ಅಳತೆಯಲ್ಲಿ ಕೆಂಪು ಬೆಳಕಿನ ಅಳತೆ ಕಳೆದು ಎರಡರ ಮೊತ್ತದಿಂದ ಭಾಗಿಸೋದು, ಆಮೇಲೆ ಇಡೀ ವರ್ಷದಲ್ಲಿ ಆ ಪಿಕ್ಸೆಲ್ ಮುಟ್ಟಿದ ಅತಿ ದೊಡ್ಡ ವ್ಯಾಲ್ಯೂ ಮಾತ್ರ ಇಟ್ಕೋತೀನಿ. ಹೊಲ ಆದ್ರೆ ಬೆಳೆ ತುಂಬಿ ನಿಂತಾಗ ಸಾಮಾನ್ಯವಾಗಿ 0.5 ದಾಟುತ್ತೆ. ಅಗೆದ ಗುಂಡಿ, ಮಣ್ಣಿನ ಡಂಪ್ ಮಾತ್ರ ವರ್ಷವಿಡೀ 0.2ರ ಆಸುಪಾಸಲ್ಲೇ. ಬಂಡೆ, ನೀರು, ಊರು ಇವೂ ಕಮ್ಮಿನೇ ತೋರಿಸ್ತವೆ, ಹಾಗಾಗಿ ಹಿಂದಿನ ವರ್ಷಗಳಲ್ಲಿ ಹಸಿರಿತ್ತಾ ಅಂತ ನೋಡ್ಲೇಬೇಕು, ಕೊನೆಗೆ ಕಣ್ಣಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿರೋ ಅಂಚು, ಲಾರಿ ದಾರಿ ಹುಡುಕ್ತೀನಿ.

ಅನುಮಾನ ಬಂದ ಕಡೆ ಒಂದೇ ಪಿಕ್ಸೆಲ್‌ನ ಎನ್‌ಡಿವಿಐ ಗ್ರಾಫ್ ತೆಗೀತೀನಿ. ವರ್ಷ ವರ್ಷ ಮಳೆ ಬಿದ್ಮೇಲೆ ಏರಿ, ಬೇಸಿಗೇಲಿ ಇಳೀತಿದ್ದ ಗೆರೆ ಯಾವುದೋ ಒಂದು ತಿಂಗಳು ನೆಲಕಚ್ಚುತ್ತೆ, ಮುಂದಿನ ಮಳೆಗೂ ಏಳಲ್ಲ. ಅಗೆತ ಶುರುವಾಗಿದ್ದು ಅಲ್ಲೇ. ಎಷ್ಟು ಸಲ ನೋಡಿದ್ರೂ ಸಂಕಟ ಆಗುತ್ತೆ.

ಒಂದು ಎಚ್ಚರಿಕೆ, 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರದ ಪ್ರತಿ ಪಿಕ್ಸೆಲ್‌ನ ಬೆಳಕಿನ ಸಂಖ್ಯೆಗೆ 1000 ಸೇರಿಸಿ ಕೊಡ್ತಿದಾರೆ, ಅದನ್ನ ಕಳೀದೆ ಹಳೆ ಚಿತ್ರದ ಜೊತೆ ಹೋಲಿಸಿದ್ರೆ ಚೆನ್ನಾಗಿರೋ ಕಾಡೂ ಸೊರಗಿದ ಹಾಗೆ ಕಾಣುತ್ತೆ. ಅರ್ಥ್ ಎಂಜಿನ್‌ನಲ್ಲಿ ಹಾರ್ಮೊನೈಸ್ಡ್ ಅಂತಿರೋ, ಅಂದ್ರೆ ಆ 1000 ಮೊದಲೇ ಸರಿಮಾಡಿರೋ ಕಲೆಕ್ಷನ್ ತಗೊಂಡ್ರೆ ಆ ಕಾಟ ಇಲ್ಲ.

ಸೆಂಟಿನೆಲ್-2 ಶುರುವಾದ 2015ಕ್ಕಿಂತ ಹಿಂದಕ್ಕೆ ಹೋಗ್ಬೇಕಂದ್ರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಸ್ಯಾಟಲೈಟ್ ಇದೆ, 1984ರಿಂದ 30 ಮೀಟರ್ ಚಿತ್ರ, ಸಣ್ಣ ಕ್ವಾರಿ ಅದರಲ್ಲಿ ಸಿಗೋದು ಕಷ್ಟ. ಆಳ ಬೇಕಾದ್ರೆ 2000ದ ಫೆಬ್ರವರಿಯ ಎಸ್‌ಆರ್‌ಟಿಎಂ (ಬಾಹ್ಯಾಕಾಶ ಶಟಲ್‌ನಿಂದ ರೇಡಾರ್‌ನಲ್ಲಿ ಅಳೆದ) ಎತ್ತರದಿಂದ ಆಮೇಲಿನ ಕೋಪರ್ನಿಕಸ್ ಡೆಮ್ (ಯುರೋಪಿನ ಎತ್ತರದ ನಕ್ಷೆ) ಕಳೀತೀನಿ, ಆದ್ರೆ ಆಗ ಅಲ್ಲಿ ದಟ್ಟ ಕಾಡಿದ್ರೆ ಮರದ ಎತ್ತರವೂ ಗುಂಡಿ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ, ಅದಕ್ಕೆ ದೊಡ್ಡ ಗುಂಡಿಗಳಿಗೆ ಮಾತ್ರ ಈ ದಾರಿ. ನೆಲದೊಳಗಿನ ಗಣಿ ಮೇಲೆ ಭೂಮಿ ಕುಸೀತಿದೆಯಾ ಅಂತ ತಿಳಿಯೋಕೆ ಸೆಂಟಿನೆಲ್-1 ರೇಡಾರ್ ಬೇಕು, ಮೋಡ ಇದ್ರೂ ಕೆಲಸ ಮಾಡುತ್ತೆ, ಕೆಲವೇ ಸೆಂಟಿಮೀಟರ್ ಇಳಿದ್ರೂ ಗೊತ್ತಾಗುತ್ತೆ, ಗಿಡಮರ ದಟ್ಟವಾಗಿದ್ರೆ ಮಾತ್ರ ಸಿಗ್ನಲ್ ಕೆಡುತ್ತೆ.