ಶ್ರೀಲಂಕಾದಲ್ಲಿ ಕಾರಿಲ್ಲದೆ ಎಂಟು ದಿನ: ನನ್ನ ಅನುಭವ

ಹುಬ್ಬಳ್ಳಿಯ ಏಜೆಂಟರು ಎಂಟು ದಿನಕ್ಕೆ ಕಾರು, ಡ್ರೈವರ್ ಸೇರಿ ಸುಮಾರು 42 ಸಾವಿರ ಕೇಳಿದ್ದರು. ರೂಮು, ವಿಮಾನ ಬೇರೆ. ನಾನು, ಹೆಂಡತಿ, ಅವ್ವ ಮೂವರೂ ರೈಲು, ಬಸ್ಸಲ್ಲೇ ತಿರುಗುತ್ತೇವೆ ಅಂದೆ. ಭಾವ ಸಿಟ್ಟಾದರು. "ಅತ್ತಿನ್ನ ಕರ್ಕೊಂಡು ಹೊಂಟೀಯಪಾ, ಬಸ್ಸಿನ್ಯಾಗ ನಿಂದರಸ್ತೀಯೇನು?"

ಮೊದಲು ಅವರ ಮಾತೇ ನಿಜವಾಯಿತು. ಕ್ಯಾಂಡಿಯಿಂದ 'ಎಲ್ಲಾ' ಊರಿಗೆ ಹೋಗುವ ಬೆಟ್ಟದ ರೈಲಿಗೆ ರಿಸರ್ವೇಶನ್ 30 ದಿನ ಮುಂಚೆ ತೆರೆಯುತ್ತದೆ. ನಾನು ನೋಡುವಷ್ಟರಲ್ಲಿ ಸೀಟೇ ಇರಲಿಲ್ಲ. ಸ್ಟೇಷನ್ ಹೊರಗೊಬ್ಬ ಮೂರು ಪಟ್ಟು ಹೇಳಿದ, ಬೇಡ ಅಂದೆ. ರಿಸರ್ವ್ ಇಲ್ಲದ ಎರಡನೇ ಕ್ಲಾಸಿನ ಟಿಕೆಟ್ ತಗೊಂಡೆವು. ಗಾಡಿ ಬಂದಾಗ ಬಾಗಿಲಲ್ಲೇ ಜನ ಜೋತಾಡುತ್ತಿದ್ದರು. ಅವ್ವನಿಗೆ ಕಾಲಿಡಲೂ ಜಾಗವಿಲ್ಲ. ಟಿಕೆಟ್ ದುಡ್ಡು, ನಮ್ಮ ಐದುನೂರರಷ್ಟು, ಹೋಯಿತು.

ರಾತ್ರಿ ಕೂತು ಯೋಚಿಸಿದೆ. ಈ ಗಾಡಿ ಎಲ್ಲಿ ಖಾಲಿಯಾಗುತ್ತೆ? 'ನಾನು ಓಯ' ಅನ್ನೋ ಸ್ಟೇಷನ್ನಿನಲ್ಲಿ. ನುವರ ಎಲಿಯ ಗಿರಿಧಾಮಕ್ಕೆ ಹೋಗೋರೆಲ್ಲ ಇಳಿಯೋದು ಅಲ್ಲೇ. ಹಾಗಿದ್ದರೆ ನಾವು ಅಲ್ಲೇ ಹತ್ತೋಣ!

ಮರುದಿನ ಬೆಳಗ್ಗೆ ಕ್ಯಾಂಡಿ ರೈಲು ನಿಲ್ದಾಣದ ಹತ್ತಿರದ ಗುಡ್ಸ್ ಶೆಡ್ ಬಸ್ ಸ್ಟ್ಯಾಂಡಿಗೆ ಹೋದೆವು. ಆಗ ಬಸ್ಸು ಹೊರಡುತ್ತಿದ್ದುದೇ ಅಲ್ಲಿಂದ, ಹಾಗಾಗಿ ಮುಂದಿನ ಸೀಟು ಸಿಕ್ಕಿತು. ನುವರ ಎಲಿಯಕ್ಕೆ ಹೆಚ್ಚುಕಮ್ಮಿ ಮೂರು ತಾಸು. ಅಲ್ಲಿಂದ ಸ್ಟೇಷನ್ನಿಗೆ ಆಟೋ, ಎಂಟು ಕಿಲೋಮೀಟರ್ ಇರಬಹುದು. ಪಿಕ್‌ಮಿ ಆ್ಯಪಿನಲ್ಲಿ ದರ ನೋಡಿಕೊಂಡೇ ಮಾತಾಡಿದೆ. ಗಾಡಿ ಬಂತು, ಜನ ಗುಂಪುಗುಂಪಾಗಿ ಇಳಿದರು. ಅವ್ವನಿಗೆ ಕಿಟಕಿಯೇ ಸಿಕ್ಕಿತು! ಮೂವರಿಗೂ ಸೇರಿ ನಮ್ಮ ಮುನ್ನೂರು ರೂಪಾಯಿ ದಾಟಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಂತರೆ ಯಾವ ಬೋಗಿ ಎದುರಿಗೆ ಬರುತ್ತೆ ಅನ್ನೋ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಹಳಿ ನಮ್ಮದೇ ಅಳತೆ, 1676 ಮಿ.ಮೀ. ಆದರೆ ನಮ್ಮ ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ನೋಡಿದವರಿಗೆ ಅಲ್ಲಿಯ ಸ್ಟೇಷನ್‌ಗಳು ಆಟಿಕೆಯಂತೆ ಕಾಣುತ್ತವೆ. ಪಟ್ಟಿಪೊಲ ಆ ದೇಶದ ಅತಿ ಎತ್ತರದ ಸ್ಟೇಷನ್, 1,890 ಮೀಟರ್ ಮೇಲಿದೆ. ಆ ಹೊತ್ತಿಗೆ ವಡೆ ಮಾರುವವ ಬಂದ. ಸಿಗಡಿಯದ್ದೂ ಇರುತ್ತೆ, 'ಪರಿಪ್ಪು' ಅಂತ ಕೇಳಿದರೆ ಬೇಳೆಯದ್ದು ಕೊಡುತ್ತಾರೆ. ಯಾವುದೋ ಹುಡುಗನ ಗಣಿತದ ನೋಟ್‌ಬುಕ್ ಹಾಳೆಯಲ್ಲಿ ಕಟ್ಟಿ ಕೊಟ್ಟ. ಎಣ್ಣೆ ಹತ್ತಿ ಭಾಗಾಕಾರ ಕಾಣುತ್ತಿತ್ತು. ಅವ್ವ ಮುರಿದು ಬಾಯಿಗಿಟ್ಟು, "ಇದು ನಮ್ಮ ಬ್ಯಾಳಿ ವಡಿನ ಅಲ್ಲೇನೋ!" ಅಂದಳು.

'ಎಲ್ಲಾ' ಊರಲ್ಲಿ ಸ್ಕೂಟರ್ ಬಾಡಿಗೆಗೆ ಕೇಳಿ ನೋಡಿದೆ. ನಮ್ಮ ಅಂತರರಾಷ್ಟ್ರೀಯ ಲೈಸೆನ್ಸ್ ಒಂದೇ ಸಾಲದು, ಅಲ್ಲಿಯ ಪರವಾನಗಿಯೂ ಬೇಕು. ಅಂಗಡಿಯವನು ಏನೂ ಆಗಲ್ಲ ಅಂದ, ನಾನೇ ಬಿಟ್ಟೆ. ಅಪಘಾತ ಆದರೆ ಇನ್ಶೂರೆನ್ಸ್ ಸಿಗಲಿಕ್ಕಿಲ್ಲ.

ಕೊನೆಗೆ ದಕ್ಷಿಣ ಕರಾವಳಿಯ ಗಾಲೆಯಿಂದ ಕೊಲಂಬೊಗೆ ಒಂದು ಪ್ರಯೋಗ ಮಾಡಿದೆವು. ನಾನು, ಅವ್ವ ಸಮುದ್ರದ ಪಕ್ಕದ ರೈಲಿನಲ್ಲಿ. ಹೆಂಡತಿ ಎಕ್ಸ್‌ಪ್ರೆಸ್‌ವೇ ಎಸಿ ಬಸ್ಸಿನಲ್ಲಿ. ಬಸ್ಸು ಒಂದೂವರೆ ತಾಸಿನಲ್ಲಿ ಬಂತು, ಆದರೆ ಕೊಲಂಬೊ ಹೊರವಲಯದ ಮಾಕುಂಬುರದಲ್ಲೇ ಇಳಿಸಿತು. ಅಲ್ಲಿಂದ ಊರೊಳಗೆ ಇನ್ನೊಂದು ಬಸ್ಸು, ಅದರಲ್ಲಿ ಟ್ರಾಫಿಕ್. ಕೊನೆಗೆ ನಮಗಿಂತ ಇಪ್ಪತ್ತೇ ನಿಮಿಷ ಮೊದಲು ಬಂದಳು, ದುಡ್ಡು ಎರಡು ಪಟ್ಟಿಗೂ ಜಾಸ್ತಿ.

ಓಡಾಟದ ಖರ್ಚು ಒಟ್ಟು ಹನ್ನೊಂದು, ಹನ್ನೆರಡು ಸಾವಿರ, ಕಳಕೊಂಡ ಟಿಕೆಟ್ ಸೇರಿ. ವಾಪಸ್ ಬಂದ ಮೇಲೆ ಭಾವನಿಗೆ ಚೀಟಿ ಸಮೇತ ಲೆಕ್ಕ ತೋರಿಸಿದೆ. ಈಗ ಅವರೇ 'ನಾನು ಓಯ' ಸ್ಟೇಷನ್ನಿನ ರೈಲಿನ ಟೈಮು ಕೇಳುತ್ತಿದ್ದಾರೆ.