ಉಪ್ಪಿಗೆ ಹಾಕಿದ ಮಿಡಿ ಮೆತ್ತಗಾದರೆ ಗೂಗಲ್‌ನಲ್ಲಿ ಮೊದಲು ನೀವೇ ಸಿಗಬೇಕೆ?

ಗೂಗಲ್‌ನಲ್ಲಿ ಸುಮ್ನೆ 'ಉಪ್ಪಿನಕಾಯಿ' ಅಂತ ಹುಡುಕಿ. ಪುಟದ ತುಂಬ ದೊಡ್ಡ ಅಂಗಡಿಗಳು, ಯೂಟ್ಯೂಬ್ ವಿಡಿಯೊಗಳು. ಶಿರಸಿ ಕಡೆಯ ನಮ್ಮ ಅತ್ತಿಗೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರ ಪುಟ್ಟ ವೆಬ್‌ಸೈಟಿಗೆ ಅಲ್ಲಿ ಜಾಗ ಸಿಗುವುದು ಆಗದ ಮಾತು. ಆದರೆ 'ಉಪ್ಪಿಗೆ ಹಾಕಿದ ಮಾವಿನ ಮಿಡಿ ಯಾಕೆ ಮೆತ್ತಗಾಗುತ್ತೆ' ಅಂತ ಹುಡುಕಿದರೆ? ಅಲ್ಲಿ ಅಷ್ಟು ನೂಕುನುಗ್ಗಲಿಲ್ಲ.

ಇಂಥ ಉದ್ದನೆಯ, ಅಪರೂಪದ ಹುಡುಕಾಟಗಳಿಗೆ 'ಲಾಂಗ್ ಟೇಲ್ ಕೀವರ್ಡ್' ಎಂದು ಹೆಸರು. ಒಂದೊಂದನ್ನು ಹುಡುಕುವವರು ಬೆರಳೆಣಿಕೆಯಷ್ಟು. ಎಲ್ಲ ಸೇರಿದರೆ ದೊಡ್ಡ ರಾಶಿ. ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು ಶೇ 15ರಷ್ಟು ಹಿಂದೆಂದೂ ಬಾರದಂಥವು ಎಂದು ಗೂಗಲ್ ಹೇಳಿಕೊಂಡಿದೆ.

ನಾನು ಮೊದಲು ಎಡವಿದ್ದೂ ಇಲ್ಲೇ. 'ಮಲೆನಾಡಿನ ಸಾಂಪ್ರದಾಯಿಕ ಸುವಾಸನಾಭರಿತ ಮಿಡಿ ಉಪ್ಪಿನಕಾಯಿ' ಅಂತ ಶೀರ್ಷಿಕೆ ಕೊಟ್ಟಿದ್ದೆ. ಆ ಸಾಲನ್ನು ಹುಡುಕಿದರೆ ನಮ್ಮದೇ ಮೊದಲು! ಖುಷಿಯಲ್ಲಿ ಅತ್ತಿಗೆಗೆ ಫೋನ್ ಮಾಡಿದೆ. "ಆರ್ಡರ್ ಎಷ್ಟು ಬಂತೋ ಮಾರಾಯಾ?" ಅಂದರು. ಒಂದೂ ಇರಲಿಲ್ಲ. ಆ ಸಾಲನ್ನು ಟೈಪ್ ಮಾಡುತ್ತಿದ್ದವನು ನಾನೊಬ್ಬನೇ.

ಹಾಗಾಗಿ ಮೊದಲ ಹೆಜ್ಜೆಗೆ ಕಂಪ್ಯೂಟರೇ ಬೇಡ. ವಾಟ್ಸ್ಆ್ಯಪ್ ತೆರೆದು ಗ್ರಾಹಕರು ಕೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. 'ಮಿಡಿ ಚಿರುಟಲೇ ಇಲ್ಲ', 'ಮೇಲೆ ಬಿಳಿ ಬಂದಿದೆ, ತಿನ್ನಬಹುದಾ', 'ಮಗಳಿಗೆ ಅಮೆರಿಕಕ್ಕೆ ಕಳಿಸೋಕಾಗುತ್ತಾ'. ತಿದ್ದಬೇಡಿ.

ಆಮೇಲೆ ಒಂದೊಂದನ್ನೇ ಗೂಗಲ್‌ನಲ್ಲಿ ಟೈಪ್ ಮಾಡಿ, ಎಂಟರ್ ಒತ್ತದೆ ಒಂದು ಕ್ಷಣ ಕಾಯಿರಿ. ಕೆಳಗೆ ಇಳಿಯುವ ಸಲಹೆಗಳಲ್ಲಿ ಜನ ಹುಡುಕುವ ರೀತಿ ಕಾಣುತ್ತದೆ. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಇನ್ನೊಮ್ಮೆ ನೋಡಿ. ನಮ್ಮಲ್ಲಿ ಎರಡನೆಯ ರೀತಿ ಬರೆಯುವವರೂ ಜಾಸ್ತಿ ಅಲ್ವಾ? ಇದನ್ನು ಇನ್‌ಕಾಗ್ನಿಟೋ (ಬ್ರೌಸರಿನಲ್ಲಿ ಹಳೆಯ ಹುಡುಕಾಟಗಳ ನೆನಪಿಲ್ಲದ ಖಾಸಗಿ) ವಿಂಡೋದಲ್ಲೇ ಮಾಡಿ. ಇಲ್ಲದಿದ್ದರೆ ನೀವು ಹಿಂದೆ ಹುಡುಕಿದ್ದರ ನೆರಳು ಬೀಳಬಹುದು. ಮೊದಲ ಪುಟದಲ್ಲಿ ಪ್ರಶ್ನೆಗೆ ನೇರ ಉತ್ತರವೇ ಇಲ್ಲವೆಂದರೆ ಆ ಜಾಗ ಖಾಲಿ ಇದೆ ಎಂದೇ ಲೆಕ್ಕ.

ಇನ್ನು ಬರವಣಿಗೆ. ಒಂದು ಪ್ರಶ್ನೆಗೆ ಒಂದೇ ಪುಟ. ಶೀರ್ಷಿಕೆಯಲ್ಲಿ ಪ್ರಶ್ನೆ, ಮೊದಲ ಎರಡು ಸಾಲಿನಲ್ಲೇ ಉತ್ತರ. ಅತ್ತಿಗೆ ಹೇಳಿದ್ದನ್ನು ನಾನು ಹೀಗೆ ಬರೆದೆ: 'ಕೆಳಗೆ ಬಿದ್ದು ಪೆಟ್ಟಾದ ಮಿಡಿ ಬಳಸಿದರೆ, ಉಪ್ಪು ಕಡಿಮೆಯಾದರೆ, ಭರಣಿಯಲ್ಲಿ ನೀರಿನ ಪಸೆ ಇದ್ದರೆ ಮಿಡಿ ಮೆತ್ತಗಾಗುತ್ತದೆ. ತೊಟ್ಟು ಸಮೇತ ಕೊಯ್ದ ಮಿಡಿಯೇ ಬೇಕು.' ಆಮೇಲೆ ವಿವರ, ಚಿರುಟಿದ ಮಿಡಿ ಮತ್ತು ಕೆಟ್ಟ ಮಿಡಿ ಅಕ್ಕಪಕ್ಕ ಇಟ್ಟ ಫೋಟೊ. ಆ ಫೋಟೊ ಅತ್ತಿಗೆಯ ಅಡುಗೆಮನೆಯಲ್ಲಿ ಮಾತ್ರ ಸಿಗುವಂಥದ್ದು, ದೊಡ್ಡ ಅಂಗಡಿಯವರ ಹತ್ತಿರ ಇಲ್ಲ. ಅದೇ ಸಾಲನ್ನು ಹತ್ತು ಸಲ ತುರುಕಬೇಡಿ, ಗೂಗಲ್ ಅದನ್ನು ಸ್ಪ್ಯಾಮ್ ಅನ್ನುತ್ತದೆ. ಮೆಟಾ ಕೀವರ್ಡ್ ಟ್ಯಾಗ್ (ಪುಟದ ಕೋಡ್ ಒಳಗೆ, ಓದುಗರಿಗೆ ಕಾಣದಂತೆ ಇಡುವ ಪದಗಳ ಪಟ್ಟಿ) ತುಂಬಿಸಿ ಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದನ್ನು ತಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಕೊನೆಗೆ ಗೂಗಲ್ ಸರ್ಚ್ ಕನ್ಸೋಲ್. ನಿಮ್ಮ ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ಲಿನದೇ ಸಾಧನ ಇದು, ಉಚಿತ. ಸೈಟ್ ನಿಮ್ಮದೇ ಎಂದು ಖಾತ್ರಿ ಮಾಡಿ, ಹೊಸ ಪುಟದ ವಿಳಾಸ ಹಾಕಿ, ಇಂಡೆಕ್ಸ್ ಮಾಡಲು, ಅಂದರೆ ಗೂಗಲ್ ತನ್ನ ಹುಡುಕಾಟದ ಪಟ್ಟಿಗೆ ಸೇರಿಸಿಕೊಳ್ಳಲು, ಕೋರಿಕೆ ಕಳಿಸಿ. ಕೆಲವು ವಾರ ಬಿಟ್ಟು 'ಪರ್ಫಾರ್ಮೆನ್ಸ್' ವರದಿ ತೆರೆಯಿರಿ. ಜನ ಏನು ಹುಡುಕಿದಾಗ ನೀವು ಕಂಡಿರಿ, ಎಷ್ಟನೇ ಸ್ಥಾನದಲ್ಲಿ ಎಂಬುದು ಅಲ್ಲಿದೆ. ತೀರಾ ಅಪರೂಪದ ಸಾಲುಗಳನ್ನು ಖಾಸಗಿತನದ ಕಾರಣಕ್ಕೆ ತೋರಿಸುವುದಿಲ್ಲ. ಹತ್ತನೇ ಸ್ಥಾನದ ಆಸುಪಾಸಿನಲ್ಲಿರುವ ಸಾಲುಗಳೇ ನಿಮ್ಮ ಮುಂದಿನ ಕೆಲಸ.

ನಮಗೆ ಅಲ್ಲಿ ಸಿಕ್ಕಿದ್ದು 'ಮಿಡಿ ಬಿಟ್ಟ ಉಪ್ಪುನೀರು ಏನು ಮಾಡುವುದು'. ನಮಗಿದು ಹೊಳೆದೇ ಇರಲಿಲ್ಲ. ಅತ್ತಿಗೆಗೆ ಕೇಳಿದರೆ, "ಚೆಲ್ಲೂದಾ? ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ-ಮೆಣಸು ಅರೀಬೇಕು" ಅಂದರು. ಈ ಭಾನುವಾರ ಆ ಪುಟ ಬರೆಯಬೇಕು.