ಉಪ್ಪುಗಾಳಿಯ ಮನೆಗೆ ಒಂದು ಗೇಮಿಂಗ್ ಕಂಪ್ಯೂಟರ್

ಪ್ರೊಸೆಸರನ್ನು ತಣ್ಣಗಿಡುವ ಹಳೆಯ ಕೂಲರ್ ಬಿಚ್ಚಿದಾಗ ಕಣ್ಣಿಗೆ ಬಿದ್ದದ್ದು ಹಸಿರು ಬಣ್ಣ. ಪ್ರೊಸೆಸರ್ ಮೇಲೆ ಕೂರುವ ತಳಭಾಗದಲ್ಲಿ ನಾಲ್ಕು ತಾಮ್ರದ ಕೊಳವೆಗಳು ಯಾವ ಲೇಪನವೂ ಇಲ್ಲದೆ ಒಂದರ ಪಕ್ಕ ಒಂದು ಮಲಗಿದ್ದವು. ಶಾಖ ದಾಟಿಸುವ ಪೇಸ್ಟ್ ಮೆತ್ತಿದ್ದ ನಡುಭಾಗ ಮಾತ್ರ ಕೆಂಪಗೆ ಉಳಿದಿತ್ತು. ಮಿಕ್ಕದ್ದೆಲ್ಲ, ಹುಣಸೆಹಣ್ಣು ಕಾಣದೆ ವರ್ಷಗಟ್ಟಲೆ ಮೂಲೆಗೆ ಬಿದ್ದ ತಂಬಿಗೆಯಂತೆ ಕಿಲುಬು ಹಿಡಿದಿತ್ತು. ಅಲ್ಯೂಮಿನಿಯಂ ರೆಕ್ಕೆಗಳ ಅಂಚಿನಲ್ಲಿ ಬಿಳಿ ಪುಡಿ. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಒಳಗೆ ಮರಳು ಸಿಕ್ಕಿದಂತೆ ಕರಕರ ಸದ್ದು. ಆ ಕೂಲರ್ ಕಂಡದ್ದು ಮೂರೇ ಮಳೆಗಾಲ.

ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆಗೆ. ಪಶ್ಚಿಮದ ಕಿಟಕಿ ತೆರೆದರೆ ಗಾಳಿಯ ಜೊತೆ ಉಪ್ಪು ಬರುತ್ತದೆ. ಸೈಕಲ್ಲಿನ ಚೈನು, ಕಿಟಕಿಯ ಸರಳು, ಗೋಡೆಯ ಮೊಳೆ, ಯಾವುದನ್ನೂ ಅದು ಬಿಡುವುದಿಲ್ಲ. ಇಷ್ಟು ಗೊತ್ತಿದ್ದೂ 2020ರಲ್ಲಿ ಮೊದಲ ಕಂಪ್ಯೂಟರ್ ಜೋಡಿಸುವಾಗ ಗಾಳಿಯ ವಿಚಾರ ನನ್ನ ಲೆಕ್ಕದಲ್ಲೇ ಇರಲಿಲ್ಲ. ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್ ತಂದೆ, ಪೆಟ್ಟಿಗೆಯಲ್ಲೇ ಬಂದಿದ್ದ ಪುಟ್ಟ ಕೂಲರ್ ಹಾಕಿದೆ. ಏಪ್ರಿಲ್ ಬಂದಾಗ ಪ್ರೊಸೆಸರ್ 90 ಡಿಗ್ರಿ ದಾಟಿತು, ಫ್ಯಾನು ಮಿಕ್ಸಿಯಂತೆ ಕೂಗಿತು. 2022ರಲ್ಲಿ ಅದನ್ನು ತೆಗೆದು ನಾಲ್ಕು ಕೊಳವೆಯ ಒಂದು ಟವರ್ ಕೂಲರ್ ಹಾಕಿದೆ. ಈಗ ಹಸಿರಾಗಿ ನನ್ನ ಕೈಯಲ್ಲಿದ್ದದ್ದು ಅದೇ.

ಅದನ್ನು ಬಿಚ್ಚಿದ ಬಗೆಯನ್ನೂ ಹೇಳಲೇಬೇಕು, ಏಕೆಂದರೆ ಇದೇ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದು. ಸ್ಕ್ರೂ ಸಡಿಲಿಸಿ ಕೂಲರನ್ನು ನೇರವಾಗಿ ಮೇಲಕ್ಕೆತ್ತಿದೆ. ಒಣಗಿ ಅಂಟಾಗಿದ್ದ ಪೇಸ್ಟ್ ಪ್ರೊಸೆಸರನ್ನೂ ಸಾಕೆಟ್ಟಿನಿಂದ ಕಿತ್ತುಕೊಂಡೇ ಬಂದಿತು. ಎಎಂ4 ಎಂಬ ಹಳೆಯ ಸಾಕೆಟ್ಟಿನ ಕಾಲದ ರೈಜನ್‌ಗಳಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಒಂದು ಮೂಲೆಯಲ್ಲಿ ಐದು ಪಿನ್ನುಗಳು ಗಾಳಿಗೆ ಬಾಗಿದ ಪೈರಿನಂತೆ ಒಂದೇ ದಿಕ್ಕಿಗೆ ವಾಲಿದ್ದವು. ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಬಾಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಸರಿಸುತ್ತಾ ನೇರ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಬಿಚ್ಚುವ ಮೊದಲು ಹತ್ತು ನಿಮಿಷ ಆಟ ಓಡಿಸಿ ಪೇಸ್ಟನ್ನು ಬಿಸಿ ಮಾಡಬೇಕು, ಆಮೇಲೆ ಕಂಪ್ಯೂಟರ್ ಆರಿಸಿ, ವಯರು ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಬೇಕು. ಅಂಟು ಬಿಟ್ಟ ಮೇಲೆ ಎತ್ತಬೇಕು. ಹೊಸ ಎಎಂ5 ಸಾಕೆಟ್ಟಿನಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಅದುಮಿ ಹಿಡಿದಿರುವುದರಿಂದ ಈ ಅಪಾಯವಿಲ್ಲ. ಆದರೆ ಅಲ್ಲಿ ಸೂಕ್ಷ್ಮ ಪಿನ್ನುಗಳು ಮದರ್‌ಬೋರ್ಡಿನ ಕಡೆಗಿವೆ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಿ.

ಹೊಸದು ಕೊಳ್ಳುವ ಮೊದಲು ಪಕ್ಕದ ಮನೆಯ ಹಿರಿಯರ ಜೊತೆ ಮಾತಿಗೆ ಕುಳಿತಿದ್ದೆ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದವರು. ನಾನು ಕೂಲರ್‌ಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಶಾಖವನ್ನು ಇಲ್ಲದಂತೆ ಮಾಡಲು ಯಾರಿಂದಲೂ ಆಗುವುದಿಲ್ಲ ತಮ್ಮಾ, ಇಲ್ಲಿಂದ ಅಲ್ಲಿಗೆ ಸಾಗಿಸಬಹುದು ಅಷ್ಟೆ. ನಮಗೆ ಅಲ್ಲಿ ಕದ್ರಾ ಜಲಾಶಯದ ನೀರಿತ್ತು. ನೀನು ಎಲ್ಲಿಗೆ ಸಾಗಿಸುತ್ತೀಯ?”

ನನಗಿದ್ದದ್ದು ಕೋಣೆಯ ಗಾಳಿ ಮಾತ್ರ. ಅಲ್ಲಿಂದ ನನ್ನ ಲೆಕ್ಕ ತಿರುಗಿಕೊಂಡಿತು. ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎನ್ನುವುದೇ ಅದರ ಯೋಗ್ಯತೆ. ಯೂಟ್ಯೂಬಿನ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು 20ರಿಂದ 25 ಡಿಗ್ರಿಯ ಕೋಣೆಯಲ್ಲಿ. ಮೇ ತಿಂಗಳ ಮಧ್ಯಾಹ್ನ ನನ್ನ ಮೇಜಿನ ಮೇಲಿನ ಥರ್ಮಾಮೀಟರ್ 34 ತೋರಿಸುತ್ತದೆ. ಅಲ್ಲಿ 78 ಎಂದು ಕಂಡದ್ದು ಇಲ್ಲಿ 90ರ ಹತ್ತಿರ. ಹಾಗಾಗಿ ಪ್ರೊಸೆಸರ್ ಆರಿಸಿ ಆಮೇಲೆ ಅದಕ್ಕೊಂದು ಕೂಲರ್ ಹುಡುಕುವ ಕ್ರಮವನ್ನು ಬಿಟ್ಟೆ. ಈ ಕೋಣೆಯಲ್ಲಿ, ಈ ಉಪ್ಪಿನಲ್ಲಿ, ಸದ್ದಿಲ್ಲದೆ ವರ್ಷಗಟ್ಟಲೆ ಬಾಳುವ ಕೂಲರ್ ಎಷ್ಟು ವ್ಯಾಟ್ ಹೊರಬಲ್ಲದು ಎಂದು ಮೊದಲು ಕೇಳಿಕೊಂಡೆ, ಆ ವ್ಯಾಟಿಗೆ ತಕ್ಕ ಪ್ರೊಸೆಸರನ್ನು ಆಮೇಲೆ ಹುಡುಕಿದೆ.

ಅದಕ್ಕೂ ಮೊದಲು, ಹಳೆಯ ಪ್ರೊಸೆಸರ್ ನಿಜವಾಗಿಯೂ ಸಾಲದಾಗಿದೆಯೇ ಎಂದು ಪರೀಕ್ಷಿಸಿದ್ದೆ. ಕೌಂಟರ್ ಸ್ಟ್ರೈಕ್ 2 ಆಟದಲ್ಲಿ ರೆಸಲ್ಯೂಶನ್ ಅನ್ನು 1080ರಿಂದ 720ಕ್ಕೆ ಇಳಿಸಿದರೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಇಳಿಯುತ್ತದೆ. ಆಗ ಸೆಕೆಂಡಿನ ಚಿತ್ರಗಳ ಸಂಖ್ಯೆ ಏರಿದರೆ ಕಾರ್ಡು ಬದಲಿಸಬೇಕು, ಏರದೆ ಅಲ್ಲೇ ನಿಂತರೆ ಪ್ರೊಸೆಸರ್ ಬದಲಿಸಬೇಕು. ನನ್ನಲ್ಲಿ ಅದು ಕದಲಲಿಲ್ಲ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಕಾಸು ಬೇಡ. ಇದನ್ನು ಮಾಡದೆ ಯಾರೂ ಹಣ ಕೊಡಬಾರದು ಎಂದು ಒತ್ತಿ ಹೇಳುತ್ತೇನೆ.

ಇನ್ನು ಪ್ರೊಸೆಸರ್. ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಬೇರೆ, ಅದು ನಿಜವಾಗಿ ಎಳೆಯುವ ವ್ಯಾಟ್ ಬೇರೆ. ಇಂಟೆಲ್ ಐ5 13400ಎಫ್ ಮೇಲೆ 65 ಎಂದಿದೆ, ಆದರೆ ವೇಗ ಏರಿಸಿಕೊಳ್ಳುವ ಟರ್ಬೊದಲ್ಲಿ 148ರವರೆಗೆ ಹೋಗಬಹುದು. ಐ5 13600ಕೆ 125 ಎಂದು ಹೇಳಿ 181ಕ್ಕೆ ಏರಬಲ್ಲದು. ರೈಜನ್ 5 7600ಎಕ್ಸ್ ಮೇಲೆ 105 ಎಂದಿದೆ, ಸಾಕೆಟ್ಟಿನಿಂದ ಎಳೆಯುವ ಮಿತಿ 142. ಅದೇ ಆರು ಕೋರ್, ಹನ್ನೆರಡು ಥ್ರೆಡ್‌ನ ರೈಜನ್ 5 7600 ಮೇಲೆ 65 ಎಂದಿದೆ, ಮಿತಿ 88. ವೇಗದಲ್ಲಿ ಈ ಅಣ್ಣತಮ್ಮಂದಿರ ನಡುವಿನ ಅಂತರ ಚಿಕ್ಕದು: ಒಂದು 5.3 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಇನ್ನೊಂದು 5.1. ಅಷ್ಟಕ್ಕಾಗಿ 54 ವ್ಯಾಟಿನ ಹೆಚ್ಚುವರಿ ಬಿಸಿಯನ್ನು ನನ್ನ ಕೋಣೆಗೆ ಕರೆತರುವುದು ಬೇಡವೆನಿಸಿತು.

ರೈಜನ್ 7 7800ಎಕ್ಸ್3ಡಿ ಬಗ್ಗೆ ಬಹಳ ದಿನ ಯೋಚಿಸಿದೆ. ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ, ಅಂದರೆ ಎಲ್3 ಕ್ಯಾಶ್, 96 ಎಂಬಿ ಇರುವ ಅದು ಆಟಕ್ಕೆಂದೇ ಹುಟ್ಟಿದ್ದು. ಬರೆದದ್ದು 120 ವ್ಯಾಟ್ ಆದರೂ ಆಟ ಆಡುವಾಗ ಅದಕ್ಕಿಂತ ಎಷ್ಟೋ ಕಡಿಮೆ ಎಳೆಯುತ್ತದೆ, ಆದ್ದರಿಂದ ಬಿಸಿಯ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಬಿಟ್ಟದ್ದು ಬೆಲೆಗಾಗಿ. ನನ್ನದು 1080 ಪರದೆ, ಕಾರ್ಡು ಆರ್‌ಟಿಎಕ್ಸ್ 4060. ಆ ಕಾರ್ಡಿನ ಮುಂದೆ ಅಷ್ಟು ದೊಡ್ಡ ಪ್ರೊಸೆಸರ್ ಸುಮ್ಮನೆ ಕುಳಿತಿರುತ್ತದೆ. ಎಎಂ5 ಸಾಕೆಟ್ಟಿಗೆ 2027ರವರೆಗೂ, ಆಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಮುಂದೊಂದು ದಿನ ಕಾರ್ಡು ಬದಲಾದರೆ ಇದೇ ಮದರ್‌ಬೋರ್ಡಿಗೆ ಅಂಥದ್ದೊಂದನ್ನು ಹಾಕಿಕೊಳ್ಳಬಹುದು. 2024ರ ನವೆಂಬರಿನಲ್ಲಿ 7600 ಕೊಂಡೆ.

ಶಿರಸಿಯಲ್ಲಿರುವ ಅಕ್ಕನ ಮಗನಿಗೆ ನೀರಿನ ಕೂಲರ್ ಮೇಲೆ ಬಹಳ ಮನಸ್ಸು. “ಮಾವ, ಗಾಜಿನ ಹಿಂದೆ ದೀಪ ಎಷ್ಟು ಚೆಂದ ಕಾಣುತ್ತದೆ ನೋಡು” ಎಂದು ಪಟ ಕಳಿಸುತ್ತಲೇ ಇದ್ದ. ಚೆಂದವೇ, ಒಪ್ಪುತ್ತೇನೆ. 200 ವ್ಯಾಟ್ ಎಳೆಯುವ ಪ್ರೊಸೆಸರ್ ಇದ್ದವರಿಗೆ ಅದು ಬೇಕಾಗಲೂಬಹುದು. ಆದರೆ ಅದರಲ್ಲಿ ಒಂದು ಪಂಪು ಸದಾ ತಿರುಗುತ್ತಿರಬೇಕು. ಪಂಪು ನಿಂತರೆ ಕೂಲರ್ ಸತ್ತಂತೆ. ಗಾಳಿಯ ಕೂಲರಿನಲ್ಲಿ ತಿರುಗುವ ಭಾಗ ಫ್ಯಾನು ಒಂದೇ, ಕೆಟ್ಟರೆ ಅದನ್ನು ಕೆಲವು ನೂರು ರೂಪಾಯಿಗೆ ನಾನೇ ಬದಲಿಸಿಕೊಳ್ಳುತ್ತೇನೆ. ಪಂಪು ಕೆಟ್ಟರೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ದಾರಿ ಹಿಡಿಯಬೇಕು, ಇಲ್ಲವೇ ಕೊರಿಯರಿನಲ್ಲಿ ಕಳಿಸಿ ವಾರಗಟ್ಟಲೆ ಕಾಯಬೇಕು.

ಟವರ್ ಕೂಲರಿನ ಕೊಳವೆಯೊಳಗೂ ತುಸು ನೀರಿದೆ ಎಂದರೆ ಹಲವರು ನಂಬುವುದಿಲ್ಲ. ಗಾಳಿ ತೆಗೆದು ಮುಚ್ಚಿದ ಆ ತಾಮ್ರದ ಕೊಳವೆಯಲ್ಲಿ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ, ಮೇಲೆ ರೆಕ್ಕೆಗಳ ಬಳಿ ತಣಿದು ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ನೀರಾಗುತ್ತದೆ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮತ್ತೆ ಕೆಳಕ್ಕೆ ಬರುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ. ಇದಕ್ಕಿಂತ ಸೊಗಸಾದ ಉಪಾಯ ಕಂಪ್ಯೂಟರಿನೊಳಗೆ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ನಾನು ನೋಡಿದ್ದು ಬ್ರ್ಯಾಂಡಿಗಿಂತ ಮೊದಲು ಬಣ್ಣವನ್ನು. ತಳಭಾಗ ಕೆಂಪಗಿದ್ದರೆ ಬರಿಯ ತಾಮ್ರ, ಬೆಳ್ಳಿಯಂತೆ ಹೊಳೆದರೆ ನಿಕ್ಕಲ್ ಲೇಪನ. ಕೊಳವೆಗಳ ತುದಿಯವರೆಗೂ ಲೇಪನ ಇದೆಯೇ ಎಂದು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ರೆಕ್ಕೆಗಳಿಗೆ ಕಪ್ಪು ಬಣ್ಣದ ಲೇಪನ ಇರುವುದನ್ನೇ ಆರಿಸಿದೆ. ಅಂದಕ್ಕಲ್ಲ, ಬೋಳು ಅಲ್ಯೂಮಿನಿಯಮ್ಮಿಗೆ ಬಿಳಿ ಪುಡಿ ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ. ನಾಲ್ಕು ಕೊಳವೆ, 120 ಮಿಲಿಮೀಟರ್ ಫ್ಯಾನು, ಎತ್ತರ 155 ಮಿಲಿಮೀಟರ್. ನನ್ನ ಕ್ಯಾಬಿನೆಟ್ಟಿನಲ್ಲಿ 160ರವರೆಗೆ ಜಾಗವಿತ್ತು. ಈ ಅಳತೆಯನ್ನು ಎರಡು ಸಲ ನೋಡಿಕೊಳ್ಳಿ, ಪಕ್ಕದ ಗಾಜು ಮುಚ್ಚದೇ ಹೋದರೆ ಮಾಡಲು ಏನೂ ಉಳಿಯುವುದಿಲ್ಲ. 88 ವ್ಯಾಟಿಗೆ ಇದು ಧಾರಾಳ. ಎರಡು ಗೋಪುರದ ದೊಡ್ಡ ಕೂಲರ್ ನನಗೆ ಬೇಕಾಗಲಿಲ್ಲ.

ಜೋಡಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಪ್ರೊಸೆಸರಿನ ನಡುವೆ ಅವರೆಕಾಳಿನಷ್ಟು ಪೇಸ್ಟ್, ಸುತ್ತ ನಾಲ್ಕು ಸಣ್ಣ ಚುಕ್ಕೆ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಒಂದಕ್ಕೆ ಎರಡು ಸುತ್ತು, ಎದುರಿನದಕ್ಕೆ ಎರಡು ಸುತ್ತು, ಹೀಗೆ ಸಮವಾಗಿ ಇಳಿಸಿದೆ. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇತ್ತು, ಫ್ಯಾನು ಮಾತ್ರ ತಿರುಗುತ್ತಿತ್ತು. ಹೆದರಬೇಡಿ. ಎಎಂ5 ಬೋರ್ಡುಗಳು ಮೊದಲ ಸಲ ಡಿಡಿಆರ್5 ಮೆಮೊರಿಯನ್ನು ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ನಡುವೆ ಸ್ವಿಚ್ ಆರಿಸದೆ ಕಾದರೆ ಚಿತ್ರ ತಾನಾಗಿ ಬರುತ್ತದೆ. ನನಗೆ ಬಂದಿತು.

ಅಳತೆಗಳು ನನ್ನ ಮನೆಯವು, ಹಾಗೆಯೇ ಓದಿಕೊಳ್ಳಿ. 2025ರ ಮೇ, ಮಧ್ಯಾಹ್ನ ಎರಡೂವರೆ, ಕೋಣೆ 34 ಡಿಗ್ರಿ. ಎಲ್ಲ ಕೋರ್‌ಗಳ ಮೇಲೂ ಪೂರ್ತಿ ಹೊರೆ ಹಾಕಿದಾಗ 79, ಆಟ ಆಡುವಾಗ 67ರಿಂದ 70. ಪ್ರೊಸೆಸರಿನ ಮಿತಿ 95. ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ, ವಿದ್ಯುತ್ ಕಡಿಮೆ ಎಳೆಯುವ ಇಕೋ ಮೋಡ್ ಹಾಕಿ 45 ವ್ಯಾಟಿನ ದರ್ಜೆಗೆ ಇಳಿಸಿ ನೋಡಿದೆ: ಪೂರ್ತಿ ಹೊರೆಯಲ್ಲೂ 70 ದಾಟಲಿಲ್ಲ, ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಅದರಲ್ಲೇ ಇಡುತ್ತೇನೆ. ಫ್ಯಾನು ನಿಧಾನವಾಗುತ್ತದೆ, ಕೋಣೆಗೂ ಬಿಸಿ ಕಡಿಮೆ. ಕರೆಂಟು ಹೋದಾಗ ಯುಪಿಎಸ್ ಮೇಲೂ ಹೊರೆ ತಗ್ಗುತ್ತದೆ.

ಎಸಿ ಹಾಕಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ಶಿರಸಿಯ ಅದೇ ಅಳಿಯ ಹೇಳಿದ್ದ. ನಮ್ಮ ಕರಾವಳಿಯಲ್ಲಿ ಅದಕ್ಕೂ ಒಂದು ತೊಡಕಿದೆ. ಮಳೆಗಾಲದಲ್ಲಿ ಎಸಿ ಕೋಣೆಯನ್ನು 22 ಡಿಗ್ರಿಗೆ ಇಳಿಸಿ, ಕಂಪ್ಯೂಟರ್ ಆರಿಸಿ, ಕಿಟಕಿ ತೆರೆದರೆ ಹೊರಗಿನ ತೇವದ ಗಾಳಿ ತಾಗಿ ತಣ್ಣಗಿನ ಲೋಹ ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ ಬೆವರುತ್ತದೆ. ಉಪ್ಪಿನ ಧೂಳಿನ ಮೇಲೆ ಆ ಬೆವರು ಕೂತರೆ ತುಕ್ಕಿಗೆ ಇನ್ನೇನೂ ಬೇಕಿಲ್ಲ. ಎಸಿ ಇದ್ದವರು ಕೋಣೆಯನ್ನು 27ರ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಲೇಸು. ನನ್ನ ಮನೆಯಲ್ಲಿ ಹಿಂದೆ ಟಿವಿಗೆ ಮಾಡುತ್ತಿದ್ದುದನ್ನೇ ಇದಕ್ಕೂ ಮಾಡುತ್ತೇನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಡಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡುವುದು. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಕ್ಯಾಬಿನೆಟ್ ಪಶ್ಚಿಮದ ಕಿಟಕಿಯಿಂದ ದೂರ, ಒಳಗೋಡೆಗೆ ಸರಿದಿದೆ. ತಿಂಗಳಿಗೊಮ್ಮೆ ಒಣ ಬ್ರಷ್ಷಿನಿಂದ ರೆಕ್ಕೆಗಳ ಧೂಳು ತೆಗೆಯುತ್ತೇನೆ, ಏಕೆಂದರೆ ಇಲ್ಲಿನ ಧೂಳು ಉದುರುವುದಿಲ್ಲ, ಅಂಟಿಕೊಳ್ಳುತ್ತದೆ.

ಮಳೆ ಕಳೆದ ಮೇಲೆ, ಅಕ್ಟೋಬರಿನಲ್ಲಿ, ಟಾರ್ಚ್ ಹಿಡಿದು ನೋಡಿದೆ. ಕೊಳವೆಗಳು ಬೆಳ್ಳಗೇ ಇದ್ದವು. ಕ್ಯಾಬಿನೆಟ್ಟಿನ ಹಿಂಬದಿಯ ಎರಡು ಸ್ಕ್ರೂಗಳಿಗೆ ಮಾತ್ರ ತುಕ್ಕು ಬಂದಿತ್ತು, ಅವನ್ನು ಸ್ಟೇನ್‌ಲೆಸ್ ಸ್ಟೀಲಿನವಕ್ಕೆ ಬದಲಿಸಿದೆ.

7600ರ ಪೆಟ್ಟಿಗೆಯಲ್ಲಿ ಬಂದಿದ್ದ ರೇತ್ ಸ್ಟೆಲ್ತ್ ಕೂಲರ್ ಬಳಸದೆ ಉಳಿದಿತ್ತು. ಪೂರ್ತಿ ಅಲ್ಯೂಮಿನಿಯಂ, ಎಎಂ4 ಬೋರ್ಡಿಗೂ ಸರಿಹೊಂದುತ್ತದೆ. ಪಿನ್ನು ನೇರ ಮಾಡಿದ 3600ಕ್ಕೆ ಅದನ್ನೇ ತೊಡಿಸಿ ಹಳೆಯ ಕಂಪ್ಯೂಟರನ್ನು ದೀಪಾವಳಿಗೆ ಅಳಿಯನಿಗೆ ಕೊಟ್ಟೆ. ಶಿರಸಿ ಕಡಲಿನಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಉಪ್ಪುಗಾಳಿ ಅಲ್ಲಿಗೆ ಹತ್ತುವುದಿಲ್ಲ. ಜನವರಿಯ ಒಂದು ರಾತ್ರಿ ಕೋಣೆ 19 ಡಿಗ್ರಿ ಇದ್ದಾಗ ಒಂದು ಗಂಟೆ ಆಡಿ ಫೋನು ಮಾಡಿದ. “ಮಾವ, 72ರ ಮೇಲೆ ಹೋಗಲೇ ಇಲ್ಲ. ಫ್ಯಾನಿನ ಸದ್ದೂ ಇಲ್ಲ.” ಕಾರವಾರದಲ್ಲಿ 90 ದಾಟಿ ಕೂಗುತ್ತಿದ್ದ ಪ್ರೊಸೆಸರ್ ಅದೇ, ಕೂಲರಿನ ಜಾತಿಯೂ ಅದೇ. ಏಪ್ರಿಲ್ ಬಂದ ಮೇಲೆ ಇನ್ನೊಮ್ಮೆ ಅಳೆದು ತಿಳಿಸು ಎಂದಿದ್ದೇನೆ.